ಬೆಂಗಳೂರಿನ ತಾರಸಿ ತೋಟಕ್ಕೆ ವರ್ಷದ ಲೆಕ್ಕ: ಯಾವಾಗ ಬಿತ್ತಬೇಕು, ಯಾವಾಗ ಸುಮ್ಮನಿರಬೇಕು?

ವಿಜಯನಗರ_ತಾರಸಿ:

ಎಲ್ಲರಿಗೂ ನಮಸ್ಕಾರ. ಎರಡನೇ ಮಹಡಿಯ ಮೇಲೆ 20×30 ಅಡಿ ತಾರಸಿ. ದಕ್ಷಿಣಕ್ಕೆ ಅಂಟಿಕೊಂಡಂತೆ ಪಕ್ಕದ ಮನೆ, ನಮ್ಮದಕ್ಕಿಂತ ಒಂದು ಮಹಡಿ ಎತ್ತರ. 12×12 ಇಂಚಿನ ಗ್ರೋ ಬ್ಯಾಗ್ 30 ಇವೆ, ಇನ್ನು 40 ತರುವ ಯೋಚನೆ. ಮಿಶ್ರಣ ಅರ್ಧ ಕೋಕೋಪೀಟ್ (ತೆಂಗಿನ ನಾರಿನ ಪುಡಿ), ಅರ್ಧ ಎರೆಗೊಬ್ಬರ. ಮಣ್ಣು ಹಾಕಿಲ್ಲ. ನೀರು ಹೆಚ್ಚಾಗಿ ಬೋರ್‌ವೆಲ್‌ದು.

ತೊಂದರೆಗಳು ಇವು. ಏಪ್ರಿಲ್‌ನಲ್ಲಿ ಟೊಮೆಟೊ ಹೂ ತುಂಬಾ ಬಿಡುತ್ತೆ, ಕಾಯಿ ಕಚ್ಚದೆ ಉದುರುತ್ತೆ. ಬೇಸಿಗೆಯಲ್ಲಿ ಕೊತ್ತಂಬರಿ ಹುಟ್ಟೋದೇ ಇಲ್ಲ. ಸೆಪ್ಟೆಂಬರ್ ಮಳೆಗೆ ಟೊಮೆಟೊ, ಬದನೆ ಎರಡೂ ಕಪ್ಪಾಗಿ ಕೊಳೆಯುತ್ತವೆ. ಮಾರ್ಚ್‌ನಲ್ಲಿ ಹಾಕಿದ ನಾಟಿ ಅವರೆ ಬಳ್ಳಿ ಪೈಪೆಲ್ಲಾ ಹಬ್ಬಿದೆ, ಒಂದು ಹೂವೂ ಇಲ್ಲ. ಬೀಜದ ಪೊಟ್ಟಣದ ಮೇಲೆ ಖಾರಿಫ್, ರಬಿ ಅಂತಷ್ಟೇ ಇರುತ್ತೆ. ಈಗ ಮೇ ಮೊದಲ ವಾರ, ಭರಣಿ ಮಳೆ ಒಂದೆರಡು ಬಿದ್ದಿದೆ. ಇಲ್ಲಿಂದ ಮುಂದಿನ ಏಪ್ರಿಲ್‌ವರೆಗೆ ನಮ್ಮೂರಿನ ಹವೆಗೆ ಹೊಂದುವ ಲೆಕ್ಕ ಕೊಡ್ತೀರಾ?

ಹೆಸರಘಟ್ಟ_ರಸ್ತೆ:

ಬ್ಯಾಗ್ ತರುವ ಮೊದಲು ಭಾರದ ವಿಷಯ. ಓಡಾಡುವ ತಾರಸಿಗೆ ನಮ್ಮ ದೇಶದ ಕಟ್ಟಡ ಮಾನಕದಲ್ಲಿ ಹಿಡಿಯುವ ಭಾರ ಚದರ ಮೀಟರ್‌ಗೆ ಸುಮಾರು 150 ಕೆ.ಜಿ., ಅಂದರೆ ಚದರ ಅಡಿಗೆ 14 ಕೆ.ಜಿ. 12×12 ಬ್ಯಾಗ್‌ನಲ್ಲಿ ಹಿಡಿಯುವುದು 22 ಲೀಟರ್. ಮಣ್ಣು ಸೇರಿದ ಮಿಶ್ರಣ ನೆನೆದರೆ 25 ಕೆ.ಜಿ. ದಾಟುತ್ತದೆ. ಒಟ್ಟು 70 ಬ್ಯಾಗ್ 600 ಚದರ ಅಡಿಗೆ ಭಾರವಲ್ಲ. ಆದರೆ ಒಂದಕ್ಕೊಂದು ಅಂಟಿಸಿ ತಾರಸಿಯ ನಡುವೆ ಜೋಡಿಸಿದರೆ ಆ ಜಾಗದಲ್ಲಿ ಮಿತಿಯ ಹತ್ತಿರ ಹತ್ತಿರ ಎರಡು ಪಟ್ಟು ಆಗುತ್ತದೆ. ಚದರ ಮೀಟರ್‌ಗೆ ಐದು ಬ್ಯಾಗ್ ಮೀರಬೇಡಿ. ಕೆಳಗೆ ಗೋಡೆ, ತೊಲೆ ಇರುವ ಅಂಚಿನ ಉದ್ದಕ್ಕೂ ಇಡಿ. ಹಳೇ ಮನೆಯಾದರೆ ಎಂಜಿನಿಯರ್‌ಗೆ ತೋರಿಸದೆ 40 ಬ್ಯಾಗ್ ಸೇರಿಸಬೇಡಿ. ಬ್ಯಾಗ್ ನೇರ ನೆಲದ ಮೇಲೂ ಬೇಡ. ಎರಡು ಇಟ್ಟಿಗೆ ಮೇಲೆ ಕೂರಿಸಿದರೆ ನೀರು ಹರಿಯುತ್ತದೆ, ಬೇರು ತಾರಸಿಯ ಬಿರುಕು ಹುಡುಕಿಕೊಂಡು ಹೋಗುವುದಿಲ್ಲ.

ಎರಡನೆಯದು ಬಿಸಿಲು. ನಾವು 13 ಡಿಗ್ರಿ ಅಕ್ಷಾಂಶದಲ್ಲಿದ್ದೇವೆ. ಏಪ್ರಿಲ್ 24ರ ಸುಮಾರಿಗೆ ಮತ್ತು ಆಗಸ್ಟ್ 18ರ ಸುಮಾರಿಗೆ ನಡುಹಗಲಿನ ಸೂರ್ಯ ನೆತ್ತಿಯ ಮೇಲೆಯೇ ಇರುತ್ತಾನೆ, ಶೂನ್ಯ ನೆರಳಿನ ದಿನ. ಇವೆರಡರ ನಡುವೆ ಅವನು ಉತ್ತರಕ್ಕೆ ವಾಲಿರುತ್ತಾನೆ, ಹಾಗಾಗಿ ನಿಮ್ಮ ದಕ್ಷಿಣದ ಪಕ್ಕದ ಮನೆಯಿಂದ ತೊಂದರೆ ಇಲ್ಲ. ಡಿಸೆಂಬರ್‌ಗೆ ಬಂದರೆ 10 ಅಡಿ ಗೋಡೆಯ ನೆರಳು ನಡುಹಗಲಲ್ಲೇ ಏಳೂವರೆ ಅಡಿ ಬೀಳುತ್ತದೆ, ಬೆಳಗ್ಗೆ ಸಂಜೆ ಇನ್ನೂ ಉದ್ದ. ನವೆಂಬರ್‌ನಿಂದ ಜನವರಿಯವರೆಗೆ ಆ ಪಟ್ಟಿಯಲ್ಲಿ ಪುದೀನ, ಪಾಲಕ್, ಸಬ್ಬಸಿಗೆ ಮಾತ್ರ ಇಡಿ. ಟೊಮೆಟೊ, ಕೋಸು, ಬಟಾಣಿ ಎಲ್ಲ ಉತ್ತರದ ಅಂಚಿಗೆ ಬರಲಿ. ಅವು ಚಳಿಗೆ ಬೆಳೆಯುತ್ತಿಲ್ಲ ಎಂದು ಗೊಬ್ಬರದ ಮೇಲೆ ಗೊಬ್ಬರ ಸುರಿಯುವವರು ಬಹಳ. ಕೊರತೆ ಬಿಸಿಲಿನದು.

ಇನ್ನು ತಿಂಗಳ ಲೆಕ್ಕ. ಬೆಂಗಳೂರಲ್ಲಿ ಚಳಿ ಗಿಡ ಕೊಲ್ಲುವುದಿಲ್ಲ, ಡಿಸೆಂಬರ್ ಜನವರಿಯ ರಾತ್ರಿಯೂ ಸರಾಸರಿ 15–16 ಡಿಗ್ರಿ. ಇಲ್ಲಿ ಬಿತ್ತನೆ ನಿರ್ಧರಿಸುವುದು ಎಲೆ ಎಷ್ಟು ಹೊತ್ತು ಒದ್ದೆಯಾಗಿರುತ್ತದೆ ಎಂಬುದು. ಮಳೆಗೆ ಎರಡು ಏರು: ಮೇ ತಿಂಗಳ ಗುಡುಗು ಮಳೆ ಒಂದು, ಆಗಸ್ಟ್ ಕೊನೆಯಿಂದ ಅಕ್ಟೋಬರ್‌ವರೆಗಿನದು ಇನ್ನೊಂದು. ಸೆಪ್ಟೆಂಬರ್ ಒಂದರಲ್ಲೇ 200 ಮಿ.ಮೀ. ಆಸುಪಾಸು ಬೀಳುತ್ತದೆ, ಹೆಚ್ಚಿನಂಶ ಸಂಜೆ, ರಾತ್ರಿ. ಎಲೆ ಬೆಳಗಿನವರೆಗೆ ಒಣಗುವುದಿಲ್ಲ. ಕಾಯಿ ಬಲಿಯುವ ಹೊತ್ತು ಈ ಎರಡನೇ ಏರಿಗೆ ಸಿಗಬಾರದು. ಇಷ್ಟು ನೆನಪಿಟ್ಟರೆ ಅರ್ಧ ಕ್ಯಾಲೆಂಡರ್ ತಾನಾಗಿ ಬರುತ್ತದೆ.

ಮೇ: ಹೀರೆ, ಹಾಗಲ, ಪಡವಲ, ಸೋರೆ ಈಗಲೇ ಬಿತ್ತಿ. ಇವಕ್ಕೆ 12×12 ಸಾಲದು. 15×15 ಬ್ಯಾಗ್‌ನಲ್ಲಿ 43 ಲೀಟರ್ ಹಿಡಿಯುತ್ತದೆ, ಅದಕ್ಕೆ ಒಂದೇ ಬಳ್ಳಿ. ಬೆಂಡೆ 12×12ಕ್ಕೆ ಎರಡು ಗಿಡ, ಹಳದಿ ನಂಜು ರೋಗ ತಡೆಯಲೆಂದೇ ತಂದ ಅರ್ಕಾ ಅನಾಮಿಕಾ ತಳಿ ಹಾಕಿ. ಅರಿಶಿನ, ಶುಂಠಿಗೆ ಎರಡು ಕಣ್ಣಿರುವ 30–40 ಗ್ರಾಂ ಗೆಡ್ಡೆ, ಎರಡು ಇಂಚು ಆಳ, ಅಗಲವಾದ 18×9 ಬ್ಯಾಗ್. ಮೊಳಕೆ ಮೇಲೆ ಬರಲು ಮೂರ್ನಾಲ್ಕು ವಾರ ಬೇಕು. ಅಲ್ಲಿವರೆಗೆ ದಿನಾ ನೀರು ಹೊಯ್ದರೆ ಗೆಡ್ಡೆ ಕೊಳೆಯುತ್ತದೆ. ಆಲಿಕಲ್ಲು ಬೀಳುವುದೂ ಏಪ್ರಿಲ್ ಮೇ ತಿಂಗಳಲ್ಲೇ, ಹಾಗಾಗಿ ನೆರಳು ಬಲೆ ಈಗಲೇ ತೆಗೆಯಬೇಡಿ. ತಿಂಗಳ ಕೊನೆಗೆ ಬದನೆ, ಮೆಣಸಿನಕಾಯಿ ಬೀಜ ಪ್ರೋಟ್ರೇಗೆ (ಸಸಿ ಮಾಡುವ ಗುಳಿಗಳ ಟ್ರೇ) ಹಾಕಿ. ಬದನೆ 30–35 ದಿನಕ್ಕೆ, ಮೆಣಸಿನಕಾಯಿ 40 ದಿನಕ್ಕೆ ನಾಟಿಗೆ ಬರುತ್ತದೆ.

ಜೂನ್–ಆಗಸ್ಟ್: ಮೋಡ, ಜಿನುಗು ಮಳೆ, ಪಡುವಣ ಗಾಳಿ. ಮೃಗಶಿರಾ ಹೊತ್ತಿಗೆ ನೆರಳು ಬಲೆ ಸುತ್ತಿಡಿ, ಇರುವ ಬಿಸಿಲೇ ಕಡಿಮೆ. ಮೋಡ ಇದೆಯಲ್ಲ ಎಂದು ನೀರು ನಿಲ್ಲಿಸುವುದು ಈ ಕಾಲದ ದೊಡ್ಡ ತಪ್ಪು. ಮೇಲ್ಪದರ ಒದ್ದೆ ಕಂಡರೂ ಗಾಳಿಗೆ ಬ್ಯಾಗ್ ಒಳಗೊಳಗೇ ಒಣಗುತ್ತದೆ. ಎರಡು ಇಂಚು ಬೆರಳು ಇಳಿಸಿ ನೋಡಿ. ಚಪ್ಪರದ ಕಂಬ ಪಶ್ಚಿಮದ ಕಡೆಯಿಂದ ಎಳೆದು ಕಟ್ಟಿರಬೇಕು. ಬೀನ್ಸ್, ದಂಟು, ಹರಿವೆ, ಮೂಲಂಗಿಗೆ ಒಳ್ಳೇ ಕಾಲ. ದಂಟಿಗೆ ಅರ್ಕಾ ಸುಗುಣ ತಳಿ ಹಾಕಿದರೆ ಹಲವು ಕೊಯ್ಲು ಸಿಗುತ್ತದೆ.

ಟೊಮೆಟೊ ಜೂನ್‌ನಲ್ಲಿ ಬಿತ್ತುವುದೇ ನಿಮ್ಮ ಕೊಳೆಯ ಮೂಲ. ಜೂನ್ ಮೂರನೇ ವಾರದ ಬೀಜ ಜುಲೈ ಮಧ್ಯೆ ನಾಟಿಯಾಗಿ, ಕಾಯಿ ತುಂಬುವುದು ಸರಿಯಾಗಿ ಸೆಪ್ಟೆಂಬರ್‌ನ ಹುಬ್ಬೆ, ಉತ್ತರೆ ಮಳೆಯಲ್ಲಿ. ಈ ವಾರವೇ ಬಿತ್ತಿ ಆಗಸ್ಟ್ ಒಳಗೆ ಕೊಯ್ದು ಮುಗಿಸಿ. ಇಲ್ಲವೇ ಸೆಪ್ಟೆಂಬರ್ ಮಧ್ಯೆ ಸೂರಿನ ಕೆಳಗೆ ಸಸಿ ಮಾಡಿ ಅಕ್ಟೋಬರ್ ಮಧ್ಯದ ನಂತರ ನಾಟಿ ಮಾಡಿ. ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಸಿಗುವ ಎರಡನೇ ಬೆಳೆಯೇ ಈ ಊರಿನ ಉತ್ತಮ ಟೊಮೆಟೊ. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ರಕ್ಷಕ್ ಎಲೆ ಮುಟುರು ನಂಜು, ದುಂಡಾಣು ಸೊರಗು, ಮುಂಚಿನ ಅಂಗಮಾರಿ (ಎಲೆ ಸುಟ್ಟಂತೆ ಒಣಗುವ ರೋಗ) ಮೂರನ್ನೂ ತಡೆಯುತ್ತದೆ. ಅರ್ಕಾ ಅಭೇದ್ ಇವುಗಳ ಜೊತೆಗೆ ತಡವಾದ ಅಂಗಮಾರಿಯನ್ನೂ ತಡೆಯುತ್ತದೆ. ಎರಡೂ ಹೈಬ್ರಿಡ್, ಹಣ್ಣಿನ ಬೀಜ ಎತ್ತಿಟ್ಟು ಬಿತ್ತಿದರೆ ಅದೇ ಗುಣ ಬರುವುದಿಲ್ಲ.

ಸೆಪ್ಟೆಂಬರ್–ಅಕ್ಟೋಬರ್: ಬಯಲಲ್ಲಿ ಹೊಸದೇನೂ ಬೇಡ. ಎಲೆಕೋಸು, ಹೂಕೋಸು, ನವಿಲುಕೋಸು ಸಸಿ ಪಾಲಿಥೀನ್ ಹೊದಿಕೆ ಕೆಳಗೆ, 25 ದಿನಕ್ಕೆ ತಯಾರು. ಅಕ್ಟೋಬರ್ ಕೊನೆಗೆ ಕ್ಯಾರೆಟ್, ಬೀಟ್‌ರೂಟ್, ಬಟಾಣಿ ನೇರ ಬಿತ್ತನೆ. ಕ್ಯಾರೆಟ್ ಬ್ಯಾಗಿಗೆ ಹಸಿ ಸಗಣಿ ಗೊಬ್ಬರ ಬಿದ್ದರೆ ಗೆಡ್ಡೆ ಕವಲೊಡೆಯುತ್ತದೆ. ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿದರೆ ನವೆಂಬರ್‌ನಲ್ಲೂ ಮೂರು ದಿನ ಜಿಟಿಜಿಟಿ ಹಿಡಿಯುತ್ತದೆ, ಅದಕ್ಕೆ ಸಸಿ ಎರಡು ಕಂತಲ್ಲಿ ಮಾಡಿ.

ನವೆಂಬರ್–ಜನವರಿ: ಎಲ್ಲ ಸೊಪ್ಪು, ಎಲ್ಲ ಕೋಸು. ಇಬ್ಬನಿಯಿಂದ ಬಟಾಣಿಗೆ ಬೂದಿ ರೋಗ. ನೀರಲ್ಲಿ ಕರಗುವ ಗಂಧಕ ಲೀಟರ್‌ಗೆ 2 ಗ್ರಾಂ ಸಿಂಪಡಿಸಿ. ಬೇವಿನೆಣ್ಣೆ ಹೊಡೆದು ಎರಡು ವಾರ ಆಗಿರದಿದ್ದರೆ ಗಂಧಕ ಬೇಡ, ಎಲೆ ಸುಡುತ್ತದೆ. ಬೇಸಿಗೆಯಲ್ಲಂತೂ ಬೇಡವೇ ಬೇಡ.

ಫೆಬ್ರವರಿ–ಏಪ್ರಿಲ್: ಫೆಬ್ರವರಿ ಮಧ್ಯದೊಳಗೆ ಗೋರಿಕಾಯಿ, ಅಲಸಂದೆ, ಬೆಂಡೆ, ಸೌತೆ ಬಿತ್ತಿ. ಬಸಳೆ ಬಿಸಿಲಿಗೂ ಜಗ್ಗುವುದಿಲ್ಲ. ಹೊಂಗೆ ಎಲೆ ಉದುರುವುದು ಈಗಲೇ. ಬೀದಿಯಲ್ಲಿ ಗುಡಿಸಿ ಬೆಂಕಿ ಹಾಕುವ ಆ ರಾಶಿ ಎರಡು ಚೀಲ ತಂದರೆ ಬ್ಯಾಗ್‌ಗಳ ಮೇಲೆ ಎರಡು ಇಂಚು ಮುಚ್ಚಿಗೆಗೆ ಸಾಕು, ಉಳಿದದ್ದು ಮಳೆಗಾಲ ಮುಗಿಯುವಷ್ಟರಲ್ಲಿ ಎಲೆಗೊಬ್ಬರ. ಎಲೆ ಅಡಿಯಲ್ಲಿ ಸಣ್ಣ ಬಲೆ, ಮೇಲೆ ಬಿಳಿ ಚುಕ್ಕೆ ಕಂಡರೆ ಕೆಂಪು ನುಸಿ. ಔಷಧಿಗಿಂತ ಮೊದಲು ಬೆಳಗ್ಗೆ ಎಲೆಯ ಅಡಿಗೆ ಜೋರಾಗಿ ನೀರು ಹೊಡೆಯಿರಿ, ಮೂರು ದಿನಕ್ಕೊಮ್ಮೆ.

ಏಪ್ರಿಲ್ ಹೂ ಉದುರುವುದಕ್ಕೆ ಕಾರಣ ಶಾಖ. ಹಗಲು 32–34, ರಾತ್ರಿ 22 ಡಿಗ್ರಿ ದಾಟಿದರೆ ಟೊಮೆಟೊ ಪರಾಗ ಕೆಲಸ ಮಾಡುವುದಿಲ್ಲ. ಬರೀ ಎರೆಗೊಬ್ಬರ ತಿಂದ ಗಿಡ ಸೊಪ್ಪಿಗೇ ಹೋಗುವುದೂ ಸೇರಿಕೊಂಡಿದೆ. ಆಗ ಕಾಯಿ ಕಚ್ಚಿಸಲು ಹಾರ್ಮೋನ್ ಹೊಡೆಯುವುದಕ್ಕಿಂತ ಆ ಬ್ಯಾಗಲ್ಲಿ ಗೋರಿಕಾಯಿ ಬೆಳೆಯುವುದು ಜಾಣತನ.

ಕೆಂಗೇರಿ_ಗೊಬ್ಬರ:

ಮೇಲಿನವರು ತಿಂಗಳ ಲೆಕ್ಕ ಸರಿಯಾಗೇ ಹೇಳಿದಾರೆ. ಆದ್ರೆ ಆ ಅರ್ಧಕ್ಕರ್ಧ ಮಿಶ್ರಣ ಇಟ್ಕೊಂಡು ಯಾವ ತಿಂಗಳು ಬಿತ್ತಿದ್ರೂ ಸೆಪ್ಟೆಂಬರ್‌ನಲ್ಲಿ ಬೇರು ಉಸಿರಾಡಲ್ಲ. ಎರಡೂ ನೀರು ಹಿಡಿದಿಡೋ ವಸ್ತುಗಳೇ. ಆರು ತಿಂಗಳಿಗೆ ಕುಸಿದು ಗಟ್ಟಿ ಬೇರೆ ಆಗುತ್ತೆ. ಕೆಂಪು ಮಣ್ಣು 2 ಪಾಲು, ಚೆನ್ನಾಗಿ ಕಳಿತ ಗೊಬ್ಬರ 1, ಕೋಕೋಪೀಟ್ 1. ಪ್ರತಿ 12×12 ಬ್ಯಾಗಿಗೆ ಬೇವಿನ ಹಿಂಡಿ 100 ಗ್ರಾಂ. ಕೋಕೋಪೀಟ್ ಇಟ್ಟಿಗೆ ನೆನೆಸಿದ ಮೊದಲ ನೀರು ಚೆಲ್ಲಿ ಇನ್ನೆರಡು ಸಲ ತೊಳೀರಿ, ಉಪ್ಪು ಇರುತ್ತೆ. ಬ್ಯಾಗಿನ ತಳದಲ್ಲಷ್ಟೇ ತೂತು ಇದ್ರೆ ಮಣ್ಣು ಕೂತು ಮುಚ್ಕೊಳುತ್ತೆ. ತಳದಿಂದ ಒಂದಿಂಚು ಮೇಲೆ ಪಕ್ಕದಲ್ಲಿ ಸುತ್ತ ಆರು ತೂತು ಮಾಡಿ. ಪರೀಕ್ಷೆ ಸುಲಭ: ನೆನೆದ ಬ್ಯಾಗಿಗೆ ಒಂದು ಲೀಟರ್ ಸುರಿದ್ರೆ ಮೇಲೆ ನಿಂತ ನೀರು ಒಂದು ನಿಮಿಷದೊಳಗೆ ಇಳೀಬೇಕು.

ಇನ್ನು ಕೊಳೆ. ಎಲ್ಲಾ ಕೊಳೆ ಒಂದೇ ಅಲ್ಲ, ಮೊದಲು ಯಾವುದು ಅಂತ ನೋಡಿ.

ಎಲೆ ಮೇಲೆ ನೀರು ನೆನೆದಂಥ ಕಪ್ಪು ಮಚ್ಚೆ, ಬೆಳಗ್ಗೆ ಎಲೆ ಅಡಿಯಲ್ಲಿ ಬಿಳಿ ಬೂಜು ಇದ್ರೆ ತಡವಾದ ಅಂಗಮಾರಿ. ಆಗ ಬೋರ್ಡೊ ದ್ರಾವಣ, ಶೇಕಡಾ 1. ಮೈಲುತುತ್ತ 100 ಗ್ರಾಂ 5 ಲೀಟರ್ ನೀರಲ್ಲಿ, ಸುಟ್ಟ ಸುಣ್ಣ 100 ಗ್ರಾಂ ಇನ್ನೊಂದು 5 ಲೀಟರಲ್ಲಿ, ಎರಡೂ ಪ್ಲಾಸ್ಟಿಕ್ ಬಕೆಟ್. ಸುಣ್ಣದ ನೀರಿಗೆ ತುತ್ತದ ನೀರು ನಿಧಾನಕ್ಕೆ ಸುರೀತಾ ಕಲಸಿ. ಉಲ್ಟಾ ಮಾಡಿದ್ರೆ ಗರಣೆ ಕಟ್ಟುತ್ತೆ. ಹೊಳೆಯೋ ಕಬ್ಬಿಣದ ಮೊಳೆ ಒಂದು ನಿಮಿಷ ಅದ್ದಿ ತೆಗೀರಿ. ಕೆಂಪಗೆ ತಾಮ್ರ ಅಂಟಿದ್ರೆ ಸುಣ್ಣ ಸಾಲದು, ಇನ್ನಷ್ಟು ಹಾಕಿ, ಇಲ್ಲಾಂದ್ರೆ ಎಲೆ ಸುಡುತ್ತೆ. ಸೋಸಿ ಅವತ್ತೇ ಸಿಂಪಡಿಸ್ಬೇಕು, ನಾಳೆಗೆ ಇಟ್ರೆ ಪ್ರಯೋಜನ ಇಲ್ಲ. ಮಳೆ ಹಿಡಿಯೋ ಮುಂಚೆ ಒಂದು ಸಲ ಹೊಡೆದ್ರೆ ಮಾತ್ರ ಕೆಲಸ. ಗಿಡ ಕಪ್ಪಾದ್ಮೇಲೆ ಹೊಡೆಯೋದು ತುತ್ತ ದಂಡ.

ಎಲೆ ಹಸಿರಾಗೇ ಇದ್ದು ಗಿಡ ಇಡಿಯಾಗಿ ಜೋತು ಬಿದ್ರೆ ದುಂಡಾಣು ಸೊರಗು ಇರಬಹುದು. ಬುಡದ ಹತ್ರ ಕಾಂಡ ಕತ್ತರಿಸಿ ಗಾಜಿನ ಲೋಟದ ನೀರಲ್ಲಿ ತೂಗುಹಾಕಿ. ಕೆಲವೇ ನಿಮಿಷದಲ್ಲಿ ಹಾಲಿನಂಥ ಎಳೆ ಇಳಿದ್ರೆ ಅದೇ. ಇದಕ್ಕೆ ಔಷಧಿ ಇಲ್ಲ. ಆ ಬ್ಯಾಗಲ್ಲಿ ಮತ್ತೆ ಟೊಮೆಟೊ, ಬದನೆ, ಮೆಣಸಿನಕಾಯಿ, ಆಲೂಗಡ್ಡೆ ಯಾವುದೂ ಹಾಕ್ಬೇಡಿ, ಎಲ್ಲಾ ಒಂದೇ ಕುಟುಂಬ. ಬೆಂಡೆ, ಬೀನ್ಸ್ ಹಾಕ್ಬಹುದು. ಮಾರ್ಚ್ ಏಪ್ರಿಲ್‌ನಲ್ಲಿ ಆ ಮಣ್ಣನ್ನ ತಾರಸಿ ಮೇಲೆ ಗೋಡೆ ಇರೋ ಅಂಚಲ್ಲಿ ನಾಲ್ಕಿಂಚು ಮೀರದಂಗೆ ಹರಡಿ, ನೆನೆಸಿ, ಬಣ್ಣ ಇಲ್ಲದ ತೆಳು ಪಾಲಿಥೀನ್ ಮುಚ್ಚಿ, ಅಂಚಿಗೆ ಇಟ್ಟಿಗೆ ಹೇರಿ ನಾಲ್ಕರಿಂದ ಆರು ವಾರ ಬಿಡಿ. ಕಪ್ಪು ಶೀಟ್ ಬೇಡ, ಅದು ತಾನು ಕಾಯುತ್ತೆ, ಮಣ್ಣನ್ನ ಅಷ್ಟು ಕಾಯಿಸಲ್ಲ. ತೆಗೆದ್ಮೇಲೆ ಟ್ರೈಕೋಡರ್ಮಾ (ಬೇರಿನ ರೋಗ ತಡೆಯೋ ಒಳ್ಳೇ ಶಿಲೀಂಧ್ರ) ಸೇರಿಸಿದ ಗೊಬ್ಬರ ಕೊಡಿ: ಕೆ.ಜಿ. ಗೊಬ್ಬರಕ್ಕೆ 10 ಗ್ರಾಂ ಪುಡಿ, ನೆರಳಲ್ಲಿ ತೇವ ಆರದಂಗೆ ಗೋಣಿಚೀಲ ಮುಚ್ಚಿ ಹತ್ತರಿಂದ ಹದಿನೈದು ದಿನ.

ಮಳೆಗಾಲಕ್ಕೆ ಬಸವನಹುಳು ಮೇಲ್ಮಹಡಿಗೂ ಹತ್ತುತ್ತೆ. ರಾತ್ರಿ ಒದ್ದೆ ಗೋಣಿಚೀಲದಡಿ ಕೋಸಿನ ಎಲೆ ಇಟ್ಟು, ಬೆಳಗ್ಗೆ ಗ್ಲೌಸ್ ಹಾಕ್ಕೊಂಡು ಆರಿಸಿ ಉಪ್ಪುನೀರಿನ ಬಕೆಟ್‌ಗೆ. ಮಣ್ಣಿನ ಮೇಲೆ ಉಪ್ಪು ಎರಚ್ಬೇಡಿ.

ಮಾಗಡಿ_ಅವರೆಕಾಯಿ:

ನಿಮ್ಮ ಅವರೆ ಬಳ್ಳಿಗೆ ಕಾಯಿಲೆ ಏನಿಲ್ಲ. ನಾಟಿ ಅವರೆಗೆ ಹೂ ಬಿಡಲು ಹಗಲು ಗಿಡ್ಡ ಆಗಬೇಕು. ಮಾರ್ಚ್‌ನಲ್ಲಿ ಬಿತ್ತಿದರೂ ಆಗಸ್ಟ್‌ನಲ್ಲಿ ಬಿತ್ತಿದರೂ ಹೂ ಬರುವುದು ನವೆಂಬರ್ ಹತ್ತಿರವೇ. ನಡುವಿನ ಏಳೆಂಟು ತಿಂಗಳು ಅದು ಬರೀ ಬಳ್ಳಿ, ಹೇನಿಗೆ ಮನೆ. ಕಿತ್ತು ಗೊಬ್ಬರದ ಗುಂಡಿಗೆ ಹಾಕಿ. ಜುಲೈ ಕೊನೆಯಿಂದ ಆಗಸ್ಟ್ ಮಧ್ಯದೊಳಗೆ ಹೊಸದಾಗಿ ಬಿತ್ತಿ, 15×15 ಬ್ಯಾಗಿಗೆ ಎರಡು ಗಿಡ. ಚಳಿ, ಇಬ್ಬನಿ ಬಿದ್ದಾಗಲೇ ಸೊಗಡು ಹತ್ತುವುದು, ಅದಕ್ಕೇ ಡಿಸೆಂಬರ್ ಜನವರಿಯ ಕಾಯಿಗೆ ಅಷ್ಟು ಬೇಡಿಕೆ.

ಬೇರೆ ಕಾಲದಲ್ಲೂ ಅವರೆ ಬೇಕೆಂದರೆ ಹಗಲಿನ ಉದ್ದಕ್ಕೆ ಜಗ್ಗದ ಗಿಡ್ಡ ತಳಿಗಳಿವೆ. ಹೆಬ್ಬಾಳ ಅವರೆ 3 ಮತ್ತು 4 ಕೃಷಿ ವಿಶ್ವವಿದ್ಯಾಲಯದವು. ಅರ್ಕಾ ಜಯ್, ಅರ್ಕಾ ವಿಜಯ್ ಹೆಸರಘಟ್ಟದವು. ಯಾವಾಗ ಬಿತ್ತಿದರೂ ಕಾಯಿ ಕೊಡುತ್ತವೆ. ಸೊಗಡಿನ ವಿಷಯದಲ್ಲಿ ನಾಟಿಗೆ ಸಮ ಅನ್ನಲಾರೆ.

ಹೂ ಬಿಟ್ಟಾಗ ಕಾಯಿಕೊರಕದ ಮೊಟ್ಟೆ ಮೊಗ್ಗಿನ ಮೇಲೇ ಇರುತ್ತದೆ. ವಾರಕ್ಕೊಮ್ಮೆ ಸಂಜೆ ಬೇವಿನೆಣ್ಣೆ ಲೀಟರ್‌ಗೆ 5 ಮಿ.ಲೀ., ಕರಗಲು ಸ್ವಲ್ಪ ಸೋಪಿನ ದ್ರಾವಣ. ಬೆಳಗ್ಗೆ ಹೊಡೆದರೆ ಜೇನುನೊಣಕ್ಕೂ ಕಷ್ಟ, ಬಿಸಿಲಿಗೆ ಎಲೆಗೂ ಕಷ್ಟ.

ಒಂದು ಎಚ್ಚರಿಕೆ. ಬೀದಿ ದೀಪ ನೇರ ಬೀಳುವ ಮೂಲೆಯಲ್ಲಿ ನಾಟಿ ಅವರೆ ಇಡಬೇಡಿ. ರಾತ್ರಿಯಿಡೀ ಬೆಳಕಿದ್ದರೆ ಗಿಡಕ್ಕೆ ಹಗಲು ಗಿಡ್ಡವಾದದ್ದೇ ತಿಳಿಯುವುದಿಲ್ಲ. ಸೇವಂತಿಗೆಗೂ ಇದೇ ಮಾತು. ಈಗ ಕಂದು ಬಿಡಿಸಿ ನೆಟ್ಟು, ನಾಲ್ಕು ವಾರಕ್ಕೆ ತುದಿ ಚಿವುಟಿ, ಆಗಸ್ಟ್ ಮಧ್ಯದ ಮೇಲೆ ಚಿವುಟುವುದು ನಿಲ್ಲಿಸಿ.

ವಿಜಯನಗರ_ತಾರಸಿ:

ಎಲ್ಲರಿಗೂ ಥ್ಯಾಂಕ್ಸ್. ಬೀದಿ ದೀಪ ಪೂರ್ವದ ಮೂಲೆಗೆ ನೇರವಾಗಿ ಬೀಳುತ್ತೆ, ಅವರೆ ಜಾಗ ಬದಲಾಯಿಸ್ತೀನಿ. ಇನ್ನು ಮೂರು ಪ್ರಶ್ನೆ. ಬೋರ್‌ವೆಲ್ ನೀರಿಗೆ ಬ್ಯಾಗ್ ಅಂಚಲ್ಲಿ ಬಿಳಿ ಕೂತಿದೆ, ಕರಿಬೇವಿನ ಚಿಗುರು ಹಳದಿ. ಮೊಟ್ಟೆ ಸಿಪ್ಪೆ, ಬೂದಿ ಹಾಕಿದರೂ ಸರಿಹೋಗಿಲ್ಲ. ದಸರಾಕ್ಕೆ ಚೆಂಡು ಹೂ ಯಾವಾಗ ಬಿತ್ತಲಿ? ದುಂಡು ಮಲ್ಲಿಗೆ ಯಾವಾಗ ಕತ್ತರಿಸಬೇಕು?

ನೀರು_ಲೆಕ್ಕ:

ಬೂದಿ, ಮೊಟ್ಟೆ ಸಿಪ್ಪೆ ಇವತ್ತೇ ನಿಲ್ಲಿಸಿ. ಗಡಸು ನೀರಲ್ಲಿ ಸುಣ್ಣದಂಶ ಆಗಲೇ ಬೇಕಾದ್ದಕ್ಕಿಂತ ಹೆಚ್ಚಿದೆ, ಅದರಿಂದ ಮಣ್ಣಿನ ಪಿಎಚ್, ಅಂದರೆ ಕ್ಷಾರದ ಅಳತೆ, ಏರಿದೆ. ಬೂದಿ ಅದನ್ನೇ ಇನ್ನೂ ಏರಿಸುತ್ತದೆ. ಹೊಸ ಚಿಗುರು ಹಳದಿ, ನರ ಮಾತ್ರ ಹಸಿರು ಅಂದರೆ ಕಬ್ಬಿಣದ ಕೊರತೆ. ಮಣ್ಣಲ್ಲಿ ಕಬ್ಬಿಣ ಇದ್ದರೂ ಬೇರಿಗೆ ಸಿಗುತ್ತಿಲ್ಲ. ಹಳೇ ಎಲೆ ಹಳದಿಯಾಗಿದ್ದರೆ ಲೆಕ್ಕ ಬೇರೆ, ಅದು ಸಾರಜನಕ. ತಕ್ಷಣಕ್ಕೆ ಎಲೆಗೆ ಲಘು ಪೋಷಕಾಂಶ ಸಿಂಪಡಿಸಿ. ತರಕಾರಿಗೆ ಅರ್ಕಾ ವೆಜಿಟೆಬಲ್ ಸ್ಪೆಷಲ್ ಇದೆ, ಪ್ರಮಾಣ ಬೆಳೆಗೆ ತಕ್ಕಂತೆ ಪೊಟ್ಟಣದ ಮೇಲಿರುತ್ತದೆ. ಗಡಸು ನೀರಾದ್ದರಿಂದ ನಿಂಬೆರಸ ಹಿಂಡಿ ಕಲಸಿ.

ಶಾಶ್ವತ ಉಪಾಯ ಮಳೆನೀರು. ನಿಮ್ಮ 600 ಚದರ ಅಡಿ ಮೇಲೆ 10 ಮಿ.ಮೀ. ಮಳೆ ಬಿದ್ದರೆ 550 ಲೀಟರ್ ಆಗುತ್ತದೆ. ಪೈಪಿನ ಬಾಯಿಗೆ 500 ಲೀಟರ್ ಡ್ರಮ್ ಇಟ್ಟರೆ ಮೇ ತಿಂಗಳ ಒಂದೇ ಸಂಜೆಗೆ ಹೆಚ್ಚುಕಡಿಮೆ ತುಂಬುತ್ತದೆ. ಮೊದಲ ಮಳೆಯ ಧೂಳುನೀರು ಬಿಟ್ಟುಬಿಡಿ. ಮುಚ್ಚಳಕ್ಕೆ ಸಣ್ಣ ಕಣ್ಣಿನ ಬಲೆ ಕಟ್ಟಲೇಬೇಕು, ಡೆಂಗಿ ಸೊಳ್ಳೆಗೆ ನಿಂತ ಶುದ್ಧ ನೀರೇ ಬೇಕು. ಡ್ರಮ್ಮೂ 500 ಕೆ.ಜಿ. ತೂಗುತ್ತದೆ, ಗೋಡೆ ಇರುವ ಮೂಲೆಗೆ ಇಡಿ. ಡ್ರಮ್ ಇಲ್ಲದಿದ್ದರೂ ದೊಡ್ಡ ಮಳೆಗೆ ಬ್ಯಾಗ್‌ಗಳ ಹೊದಿಕೆ ತೆಗೆದುಬಿಡಿ, ಮೇ ತಿಂಗಳ ಮಳೆ ಉಪ್ಪು ತೊಳೆದುಕೊಂಡು ಹೋಗುತ್ತದೆ. ನೀರು ಶುದ್ಧೀಕರಣ ಯಂತ್ರ ಹೊರಹಾಕುವ ನೀರಲ್ಲಿ ಉಪ್ಪು ಇನ್ನೂ ಸಾಂದ್ರ, ದಿನಾ ಅದನ್ನೇ ಗಿಡಕ್ಕೆ ಹೊಯ್ಯಬೇಡಿ.

ಬೇಸಿಗೆಯಲ್ಲಿ ಕಾವೇರಿ ನೀರು ನಂಬಿ ಯೋಜನೆ ಹಾಕಬೇಡಿ. 2024ರ ಮಾರ್ಚ್‌ನಲ್ಲಿ ಕುಡಿಯುವ ನೀರನ್ನು ಕೈತೋಟಕ್ಕೆ ಬಳಸಿದರೆ 5000 ರೂಪಾಯಿ ದಂಡ ಎಂದು ಜಲಮಂಡಳಿ ಆದೇಶವನ್ನೇ ಹೊರಡಿಸಿತ್ತು. ಏಪ್ರಿಲ್‌ನಲ್ಲಿ ತುಂಬಿದ 12×12 ಬ್ಯಾಗ್ ದಿನಕ್ಕೆ ಒಂದೂವರೆ, ಎರಡು ಲೀಟರ್ ಕುಡಿಯುತ್ತದೆ. 70 ಬ್ಯಾಗ್‌ಗೆ ನೂರು ಲೀಟರ್ ಮೇಲೆ. ಅಷ್ಟು ನೀರಿಲ್ಲದಿದ್ದರೆ ಮಾರ್ಚ್‌ಗೆ ಅರ್ಧ ಬ್ಯಾಗ್ ಖಾಲಿ ಬಿಟ್ಟು ಆ ಮಣ್ಣನ್ನು ಮೇಲೆ ಹೇಳಿದ ಪಾಲಿಥೀನ್ ಮುಚ್ಚುವ ಬಿಸಿಲು ಚಿಕಿತ್ಸೆಗೆ ಹಾಕಿ.

ಚೆಂಡು ಹೂ: ಬೀಜದಿಂದ ಹೂವಿಗೆ 85–90 ದಿನ, 25 ದಿನ ಟ್ರೇ, ಉಳಿದದ್ದು ಬ್ಯಾಗ್. ಆಯುಧಪೂಜೆಯಿಂದ ಹಿಂದಕ್ಕೆ ಎಣಿಸಿ. ತುದಿ ಚಿವುಟಿದರೆ ಹೂ ಜಾಸ್ತಿ, ಆದರೆ ಹತ್ತು ದಿನ ತಡ, ಅದನ್ನೂ ಸೇರಿಸಿ. ದುಂಡು ಮಲ್ಲಿಗೆ: ನವೆಂಬರ್ ಕೊನೇ ವಾರ ಒಂದೂವರೆ ಅಡಿಗೆ ಕತ್ತರಿಸಿ, ಅದಕ್ಕೆ ಮುಂಚೆ ಒಂದೆರಡು ವಾರ ನೀರು ಕಡಿಮೆ ಮಾಡಿ. ಕತ್ತರಿಸಿದ ಮೇಲೆ ಎರಡು ಕೆ.ಜಿ. ಗೊಬ್ಬರ, 100 ಗ್ರಾಂ ಬೇವಿನ ಹಿಂಡಿ. ಮಾರ್ಚ್‌ಗೆ ಮೊಗ್ಗು. ಜೂನ್‌ನಲ್ಲಿ ಕತ್ತರಿಸುವವರು ಇದ್ದಾರೆ, ಗಿಡ ಸೊಪ್ಪು ಮಾಡಿಕೊಂಡು ನಿಲ್ಲುತ್ತದೆ ಅಷ್ಟೆ.

ಸೊಪ್ಪಿನ_ಮಡಿ:

ಕೊತ್ತಂಬರಿ ಯಾರೂ ಹೇಳಲಿಲ್ಲ. ಒಂದು ಕಾಳಲ್ಲಿ ಎರಡು ಬೀಜ ಇರುತ್ತೆ, ಚಪ್ಪಲಿಯಿಂದ ಉಜ್ಜಿ ಎರಡು ಹೋಳು ಮಾಡಿ. ಪುಡಿ ಆಗಬಾರದು. ರಾತ್ರಿ ನೆನೆಸಿ, ಒಂದು ಸೆಂಟಿಮೀಟರ್ ಆಳ, ಮೇಲೆ ಸೋಸಿದ ಗೊಬ್ಬರ. ಹುಟ್ಟೋಕೆ 8ರಿಂದ 12 ದಿನ, ಆರನೇ ದಿನಕ್ಕೆ ಕೆದಕಿ ನೋಡಬೇಡಿ. ಮಣ್ಣು 30 ಡಿಗ್ರಿ ದಾಟಿದ್ರೆ ಹುಟ್ಟೋದು ಕಡಿಮೆ, ಹುಟ್ಟಿದ್ದೂ ಬೇಗ ಹೂವಿಗೆ ಹೋಗುತ್ತೆ. ಮಾರ್ಚ್‌ನಿಂದ ಮೇವರೆಗೆ ಬೇಕೇಬೇಕು ಅಂದ್ರೆ ಪೂರ್ವದ ಬಿಸಿಲು ಮಾತ್ರ ಬೀಳೋ ಜಾಗ, 50 ಶೇಕಡಾ ನೆರಳು ಬಲೆ, ಹುಟ್ಟೋವರೆಗೆ ಒದ್ದೆ ಗೋಣಿಚೀಲ ಮುಚ್ಚಿ. ಮೊಳಕೆ ಕಂಡ ದಿನವೇ ಚೀಲ ತೆಗೀಬೇಕು. ಅಂಗಡಿಯ ಅಡುಗೆ ಧನಿಯ ಹಳೇದಿದ್ರೆ ಹುಟ್ಟಲ್ಲ, ಬಿತ್ತನೆ ಬೀಜವೇ ತನ್ನಿ. ಅರ್ಕಾ ಇಶಾ ತಳಿ ಪೊದೆಯಾಗಿ ಬರುತ್ತೆ, ಬೇರು ಸಮೇತ ಕೀಳದೆ ಕತ್ತರಿಸಿಕೊಂಡ್ರೆ ಇನ್ನೂ ಎರಡು ಸಲ ಸಿಗುತ್ತೆ.